ಬಾಗಿಲಿರುವ ಬ್ರಾಕೆಟ್: ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್‌ಗಳನ್ನು ದಿನನಿತ್ಯ ಬಳಸುವ ಬಗೆ

ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಜನ ಹಲ್ಲು ನೇರವಾಗಲು ಹಾಕುವ ಇಡೀ ಸಾಮಾನಿಗೇ ‘ಕ್ಲಿಪ್’ ಎನ್ನುತ್ತಾರೆ. ಹೀಗಾಗಿ ಸಿಂಧನೂರಿನಿಂದ ತಂದೆಯೊಬ್ಬರು ಫೋನ್ ಮಾಡಿ “ಸರ್, ಹುಡುಗನ ಕ್ಲಿಪ್ ಬಿಚ್ಚೈತ್ರಿ” ಎಂದಾಗ, ತಂತಿ ಹಿಡಿಯಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕು, ಅಂದರೆ ಬ್ರಾಕೆಟ್, ಹಲ್ಲಿನಿಂದ ಕಳಚಿದೆಯೋ, ತಂತಿ ಹಿಂದಿನ ಹಲ್ಲಿನ ಮೇಲಿರುವ ಟ್ಯೂಬ್ ಎಂಬ ಕೊಳವೆಯಿಂದ ಹೊರಗೆ ಬಂದಿದೆಯೋ, ಇಲ್ಲವೇ ಬ್ರಾಕೆಟ್ಟಿನ ಪುಟ್ಟ ಮುಚ್ಚಳ ತೆರೆದುಕೊಂಡಿದೆಯೋ ಎಂಬುದು ಫೋಟೊ ನೋಡುವವರೆಗೆ ಗೊತ್ತಾಗುವುದಿಲ್ಲ. ಈ ಗೊಂದಲ ಇಲ್ಲಿಯೂ ಮುಂದುವರಿಯಬಾರದೆಂದು ಆ ಮುಚ್ಚಳವನ್ನು ಈ ಬರಹದ ಉದ್ದಕ್ಕೂ ಬಾಗಿಲು ಎಂದೇ ಕರೆಯುತ್ತೇನೆ. ಬರೆದಿರುವುದು ಮುಖ್ಯವಾಗಿ ವಕ್ರದಂತ ಚಿಕಿತ್ಸೆಯಲ್ಲಿ ಈಗಷ್ಟೇ ವೃತ್ತಿ ಆರಂಭಿಸಿದವರಿಗಾಗಿ, ಹಾಗೂ ಬಳ್ಳಾರಿಯ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ರಾಯಚೂರಿನ ದಂತ ಕಾಲೇಜುಗಳಲ್ಲಿ ಕಲಿಯುತ್ತಿರುವ ವಿದ್ಯಾರ್ಥಿಗಳಿಗಾಗಿ. ಮಕ್ಕಳ ಹಲ್ಲಿಗೆ ತಂತಿ ಹಾಕಿಸಲು ಹೊರಟಿರುವ ಪಾಲಕರು ಓದಿದರೂ ನಷ್ಟವೇನಿಲ್ಲ.

ಸಾಮಾನ್ಯ ಬ್ರಾಕೆಟ್ಟಿನಲ್ಲಿ ತಂತಿಯನ್ನು ಸ್ಲಾಟಿನಲ್ಲಿ, ಅಂದರೆ ಅದರ ನಡುವಿನ ಸೀಳಿನಲ್ಲಿ, ಕೂರಿಸಿ, ಬಣ್ಣದ ರಬ್ಬರ್ ಉಂಗುರದಿಂದಲೋ ತೆಳುವಾದ ಸ್ಟೀಲ್ ಎಳೆಯಿಂದಲೋ ಕಟ್ಟುತ್ತೇವೆ. ಸೆಲ್ಫ್ ಲೈಗೇಟಿಂಗ್ ಬ್ರಾಕೆಟ್ಟಿನಲ್ಲಿ ಈ ಕಟ್ಟುವ ಕೆಲಸವನ್ನು ಬ್ರಾಕೆಟ್ಟಿಗೇ ಜೋಡಿಸಿದ ಲೋಹದ ಬಾಗಿಲು ಮಾಡುತ್ತದೆ. ಇದು ಇತ್ತೀಚಿನ ಆವಿಷ್ಕಾರವೆಂದು ಪ್ರಚಾರವಾಗಿದ್ದರೂ ಇದರ ಮೊದಲ ರೂಪ 1930ರ ದಶಕದಲ್ಲೇ ಬಂದಿತ್ತು. 1980ರ ಹೊತ್ತಿಗೆ ಕೆನಡಾದ ಹರ್ಬರ್ಟ್ ಹ್ಯಾನ್ಸನ್ ಅವರ ಸ್ಪೀಡ್ ಬ್ರಾಕೆಟ್ ಬಳಕೆಗೆ ಬಂತು, 1990ರ ದಶಕದ ನಡುವಿನಲ್ಲಿ ಅಮೆರಿಕದ ಡ್ವೈಟ್ ಡೇಮನ್ ಅವರ ಬ್ರಾಕೆಟ್ ಬಂದ ಮೇಲೆ ಈ ಬಗೆಯ ಸಾಮಾನು ಊರೂರಿನ ಕ್ಲಿನಿಕ್‌ಗಳಿಗೆ ಹರಡಿತು.

ಬಾಗಿಲಿನಲ್ಲಿ ಎರಡು ಜಾತಿ. ಪ್ಯಾಸಿವ್ ಬ್ರಾಕೆಟ್ಟಿನ ಬಾಗಿಲು ಗಟ್ಟಿಯಾದ ತಗಡು. ಅದು ಸರಿದು ಮುಚ್ಚಿಕೊಂಡಾಗ ಸ್ಲಾಟು ನಾಲ್ಕು ಗೋಡೆಗಳ ಕೊಳವೆಯಾಗುತ್ತದೆ, ಬಾಗಿಲು ತಾನಾಗಿ ತಂತಿಯನ್ನು ಒತ್ತುವುದಿಲ್ಲ. ಆ್ಯಕ್ಟಿವ್ ಬ್ರಾಕೆಟ್ಟಿನ ಬಾಗಿಲು ಸ್ಪ್ರಿಂಗಿನಂತಹ ಪಟ್ಟಿ. ಅದರ ಒಂದಂಚು ಸ್ಲಾಟಿನ ಒಳಗೆ ಚಾಚಿಕೊಂಡಿರುವುದರಿಂದ ದಪ್ಪ ತಂತಿ ಹಾಕಿದಾಗ ಅದನ್ನು ಒಳಕ್ಕೆ ನೂಕುತ್ತಿರುತ್ತದೆ. 0.014 ಇಂಚಿನಂತಹ ತೆಳು ದುಂಡು ತಂತಿ ಇರುವಷ್ಟು ದಿನ ಎರಡೂ ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಳ್ಳುತ್ತವೆ. ವ್ಯತ್ಯಾಸ ಕಾಣಿಸುವುದು ಆಯತಾಕಾರದ ದಪ್ಪ ತಂತಿಗೆ ಬಂದ ಮೇಲೆ. ಯಾವುದು ಮೇಲು ಎಂಬ ವಾದದಲ್ಲಿ ನನಗೆ ಆಸಕ್ತಿ ಉಳಿದಿಲ್ಲ. ಒಂದನ್ನು ಆರಿಸಿಕೊಂಡು ಅದರ ಬಾಗಿಲಿನ ಸ್ವಭಾವವನ್ನು ಕೈಗೆ ರೂಢಿ ಮಾಡಿಕೊಳ್ಳುವುದು, ತಿಂಗಳಿಗೊಂದು ಕಂಪನಿಯ ಸಾಮಾನು ಪ್ರಯೋಗಿಸುವುದಕ್ಕಿಂತ ಎಷ್ಟೋ ಒಳ್ಳೆಯದು.

ಹಾಕುವ ಮೊದಲು ಹೇಳಬೇಕಾದದ್ದು

“ಇದು ಹಾಕಿದರೆ ಬೇಗ ಮುಗಿಯುತ್ತದಂತೆ, ಹಲ್ಲು ಕೀಳಿಸುವುದೂ ಬೇಡವಂತೆ” ಎಂದು ಕೇಳಿಕೊಂಡೇ ರೋಗಿಗಳು ಬರುತ್ತಾರೆ. ಇದಕ್ಕೆ ನೇರವಾದ ಉತ್ತರ ಕೊಡಬೇಕು. 2010ರ ಆಸುಪಾಸಿನಲ್ಲಿ ಪ್ರಕಟವಾದ ಯಾದೃಚ್ಛಿಕ ಪ್ರಯೋಗಗಳೂ ವ್ಯವಸ್ಥಿತ ವಿಮರ್ಶೆಗಳೂ, ಒಟ್ಟು ಚಿಕಿತ್ಸೆಯ ಅವಧಿಯಲ್ಲಿ ಈ ಬ್ರಾಕೆಟ್‌ಗಳಿಂದ ಗಣನೀಯ ಉಳಿತಾಯವಾಗುತ್ತದೆ ಎಂಬ ಮಾತನ್ನು ಎತ್ತಿಹಿಡಿಯಲಿಲ್ಲ. ಅವುಗಳಲ್ಲಿ ಸ್ಪಷ್ಟವಾಗಿ ಕಂಡ ಲಾಭವೆಂದರೆ ತಂತಿ ಬಿಚ್ಚಿ ಕಟ್ಟಲು ಕುರ್ಚಿಯಲ್ಲಿ ಹಿಡಿಯುವ ಸಮಯದ ಉಳಿತಾಯ, ಜೊತೆಗೆ ಕೆಳಗಿನ ಬಾಚಿಹಲ್ಲುಗಳು ಮುಂದಕ್ಕೆ ವಾಲುವುದರಲ್ಲಿ ಒಂದೂವರೆ ಡಿಗ್ರಿಯಷ್ಟು ಸಣ್ಣ ಇಳಿಕೆ. ಹಲ್ಲು ಕೀಳಬೇಕೋ ಬೇಡವೋ ಎಂಬುದು ದವಡೆಯಲ್ಲಿರುವ ಜಾಗ, ತುಟಿಯ ಸ್ಥಾನ, ಮೂಳೆಯ ದಪ್ಪ ಇವುಗಳನ್ನು ನೋಡಿ ತೀರ್ಮಾನವಾಗುವ ಮಾತು. ಬ್ರಾಕೆಟ್ಟಿಗೆ ಬಾಗಿಲಿದೆ ಎಂಬ ಕಾರಣಕ್ಕೆ ಆ ಲೆಕ್ಕ ಬದಲಾಗುವುದಿಲ್ಲ. ಸಾಮಾನ್ಯ ಬ್ರಾಕೆಟ್ಟಿಗಿಂತ ಇದರ ಬೆಲೆ ಹೆಚ್ಚು ಎಂಬುದನ್ನೂ, ಆ ಹೆಚ್ಚಿನ ಹಣಕ್ಕೆ ಸಿಗುವುದು ಏನು ಎಂಬುದನ್ನೂ ಮೊದಲ ದಿನವೇ ಹೇಳಿಬಿಟ್ಟರೆ ಹದಿನೆಂಟನೆಯ ತಿಂಗಳಲ್ಲಿ ಮುಜುಗರವಿರುವುದಿಲ್ಲ.

ಆದರೂ ನಾನು ಇದನ್ನು ಏಕೆ ಬಳಸುತ್ತೇನೆ ಎಂದರೆ, ಲಿಂಗಸುಗೂರು, ಮಸ್ಕಿ, ದೇವದುರ್ಗದ ಹಳ್ಳಿಗಳಿಂದ ಬರುವ ಮಕ್ಕಳಿಗೆ ಒಂದು ಭೇಟಿಯೆಂದರೆ ಶಾಲೆಯ ಒಂದು ಇಡೀ ದಿನ, ತಂದೆಯ ಒಂದು ದಿನದ ಕೂಲಿ. ರಬ್ಬರ್ ಉಂಗುರಗಳು ಬಾಯಿಯ ತೇವ ಮತ್ತು ಶಾಖಕ್ಕೆ ಸಡಿಲಾಗುತ್ತ ಹೋಗುತ್ತವೆ, ಅವುಗಳನ್ನು ನಾಲ್ಕೈದು ವಾರಕ್ಕೊಮ್ಮೆ ಬದಲಿಸಬೇಕು. ಬಾಗಿಲು ಸಡಿಲಾಗುವುದಿಲ್ಲ. ಆದ್ದರಿಂದ ಮೊದಲ ಹಂತದಲ್ಲಿ ಎಂಟರಿಂದ ಹತ್ತು ವಾರಗಳ ಅಂತರ ಇಡಲು ಸಾಧ್ಯ. ಈ ದೀರ್ಘ ಅಂತರಕ್ಕೆ ಅದರದೇ ಆದ ಅಪಾಯವೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಅಂಟಿಸುವ ದಿನ

ಅಂಟಿಸುವ ಕ್ರಮ ಬಹುಪಾಲು ಎಲ್ಲ ಬ್ರಾಕೆಟ್ಟಿನಂತೆಯೇ: ಎಣ್ಣೆಯ ಅಂಶವಿಲ್ಲದ ಪ್ಯೂಮಿಸ್‌ನಿಂದ ಉಜ್ಜಿ, ತೊಳೆದು, ಶೇ. 37ರ ಫಾಸ್ಫೊರಿಕ್ ಆಮ್ಲವನ್ನು ಹಚ್ಚಿ, ಮತ್ತೆ ತೊಳೆದು, ಸೀಮೆಸುಣ್ಣದಂತಹ ಮಂಕು ಬಿಳುಪು ಬರುವವರೆಗೆ ಒಣಗಿಸಿ, ಪ್ರೈಮರ್ ಎಂಬ ತೆಳು ಅಂಟುದ್ರವ ಹಚ್ಚಿ, ಬ್ರಾಕೆಟ್ ಕೂರಿಸಿ, ಬೆಳಕಿನಿಂದ ಗಟ್ಟಿ ಮಾಡುವುದು. ಭಿನ್ನವಾಗಿರುವುದು ಬಾಗಿಲಿನ ವಿಚಾರದಲ್ಲಿ. ಬ್ರಾಕೆಟ್ ಅಂಟಿಸುವಾಗ ಬಾಗಿಲು ಮುಚ್ಚಿರಲಿ. ಪ್ರೈಮರನ್ನು ಹಲ್ಲಿಗೆ ತೆಳುವಾಗಿ ಹಚ್ಚಿ ಗಾಳಿಯಿಂದ ಇನ್ನಷ್ಟು ತೆಳುವಾಗಿಸಿ. ನಿಂತ ಪ್ರೈಮರ್ ಹರಿದು ಬಾಗಿಲಿನ ಸಂದಿಗೆ ಸೇರಿ ಗಟ್ಟಿಯಾದರೆ ಆ ಬಾಗಿಲು ಮುಂದೆ ತೆರೆಯುವುದಿಲ್ಲ. ಒತ್ತಿದಾಗ ಸುತ್ತ ಉಕ್ಕುವ ಅಂಟನ್ನು, ಮುಖ್ಯವಾಗಿ ವಸಡಿನ ಕಡೆಯದನ್ನು, ಬೆಳಕು ಹಿಡಿಯುವ ಮೊದಲೇ ಹಲ್ಲು ಶುಚಿ ಮಾಡುವ ಸ್ಕೇಲರ್ ಸಲಕರಣೆಯ ತುದಿಯಿಂದ ಪೂರ್ತಿ ತೆಗೆಯಬೇಕು. ಎಲ್ಲ ಬ್ರಾಕೆಟ್‌ಗಳೂ ಗಟ್ಟಿಯಾದ ಮೇಲೆ, ತಂತಿ ಮುಟ್ಟುವ ಮೊದಲು, ಒಂದೊಂದೇ ಬಾಗಿಲನ್ನು ತೆರೆದು ಮುಚ್ಚಿ ನೋಡಿ. ಆಗಲೇ ಬಿಗಿಯಾಗಿ ಕಂಡದ್ದನ್ನು ಅಂದೇ ಬದಲಿಸಿದರೆ ಹತ್ತು ನಿಮಿಷದ ಕೆಲಸ, ಮೂರು ತಿಂಗಳ ನಂತರವಾದರೆ ಅರ್ಧ ಗಂಟೆ.

ನಮ್ಮ ಸೀಮೆಯಲ್ಲಿ ಅಂಟಿಸುವುದಕ್ಕೆ ಸಂಬಂಧಿಸಿದ ದೊಡ್ಡ ತೊಡಕು ಬ್ರಾಕೆಟ್ಟಿನದಲ್ಲ, ನೀರಿನದು. ಈ ಮೂರು ಜಿಲ್ಲೆಗಳ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಪ್ರಮಾಣ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿರುತ್ತದೆ, ಎಳೆಯ ವಯಸ್ಸಿನಲ್ಲಿ ಆ ನೀರು ಕುಡಿದವರ ಹಲ್ಲಿನ ಎನಾಮಲ್ ಮೇಲೆ ಸುಣ್ಣದ ಗೆರೆಗಳೋ ಕಂದು ಕಲೆಗಳೋ ಗುಳಿಗಳೋ ಇರುತ್ತವೆ. ಫ್ಲೋರೋಸಿಸ್ ಎಂಬ ಈ ತೊಂದರೆ ಇರುವ ಎನಾಮಲ್ಲಿನ ಹೊರಪದರ ಆಮ್ಲಕ್ಕೆ ಸುಲಭವಾಗಿ ಕರಗುವುದಿಲ್ಲ, ಹಾಗಾಗಿ ಅಂಟು ಹಿಡಿಯುವುದಿಲ್ಲ. ಸಾಮಾನ್ಯ ಹಲ್ಲಿಗೆ ನಾನು 30 ಸೆಕೆಂಡ್ ಆಮ್ಲ ಬಿಟ್ಟರೆ, ಮಧ್ಯಮ ಫ್ಲೋರೋಸಿಸ್ ಇರುವ ಹಲ್ಲಿಗೆ ಒಂದು ನಿಮಿಷಕ್ಕೂ ಹೆಚ್ಚು ಬಿಡುತ್ತೇನೆ. ಒಣಗಿಸಿದ ಮೇಲೂ ಹೊಳಪು ಉಳಿದಿದ್ದರೆ 50 ಮೈಕ್ರಾನಿನ ಅಲ್ಯೂಮಿನಾ ಪುಡಿಯನ್ನು ಗಾಳಿಯ ಒತ್ತಡದಿಂದ ಕೆಲವೇ ಸೆಕೆಂಡ್ ಹಾಯಿಸಿ, ಮತ್ತೊಮ್ಮೆ ಆಮ್ಲ ಹಚ್ಚಿ, ಅಂಟು ಹಿಡಿತ ಹೆಚ್ಚಿಸುವ ಪ್ರೋಮೋಟರ್ ಬಳಸುತ್ತೇನೆ. ಗುಳಿ ಬಿದ್ದು ಉದುರುವ ಹಂತದ ಎನಾಮಲ್ ಇದ್ದರೆ ದುಬಾರಿ ಬ್ರಾಕೆಟ್ ಹಾಕುವ ನಿರ್ಧಾರವನ್ನೇ ಮರುಪರಿಶೀಲಿಸಬೇಕು. ಈ ಬ್ರಾಕೆಟ್ ಮತ್ತೆ ಮತ್ತೆ ಕಳಚಿದರೆ ಪ್ರತಿ ಸಲವೂ ಹೊಸದನ್ನೇ ಹಾಕಬೇಕಾಗಬಹುದು, ಏಕೆಂದರೆ ತಳದ ಅಂಟನ್ನು ಸುಟ್ಟು ಮತ್ತೆ ಬಳಸುವ ಹಳೆಯ ರೂಢಿ ಬಾಗಿಲಿನ ಸ್ಪ್ರಿಂಗನ್ನು ಕೆಡಿಸುತ್ತದೆ. ಇನ್ನೊಂದು ಮಾತು: ಅಂಟಿಸುವ ಮೊದಲು ಹಲ್ಲುಗಳ ಸ್ಪಷ್ಟ ಫೋಟೊ ತೆಗೆದು ಕಲೆಗಳನ್ನು ಪಾಲಕರಿಗೆ ತೋರಿಸಿ ಅವರ ಸಹಿ ಪಡೆಯಿರಿ. ಎರಡು ವರ್ಷದ ಮೇಲೆ ಬ್ರಾಕೆಟ್ ತೆಗೆದ ದಿನ ಕನ್ನಡಿ ನೋಡಿದ ಹುಡುಗಿ ಮೊದಲು ಕೇಳುವ ಪ್ರಶ್ನೆ, ಈ ಕಲೆ ಕ್ಲಿಪ್ಪಿನಿಂದ ಬಂತೇ ಎಂಬುದು.

ತಂತಿ ಪೂರ್ತಿ ಕೂತಿತೇ?

ಇಡೀ ವಿಧಾನದಲ್ಲಿ ಹೆಚ್ಚು ಎಚ್ಚರ ಬೇಡುವ ಜಾಗ ಇದು. ಸಾಮಾನ್ಯ ಬ್ರಾಕೆಟ್ಟಿನಲ್ಲಿ, ತೀರ ತಿರುಗಿದ ಅಥವಾ ಅಂಗುಳಿನ ಕಡೆಗೆ ಸರಿದ ಹಲ್ಲಿಗೆ ತಂತಿಯನ್ನು ಅರ್ಧ ಮಾತ್ರ ಕಟ್ಟಬಹುದು. ಸ್ಟೀಲ್ ಎಳೆ ಸಡಿಲವಾಗಿದ್ದರೂ ಅಷ್ಟರಮಟ್ಟಿಗೆ ಕೆಲಸ ಮಾಡುತ್ತದೆ. ಬಾಗಿಲಿಗೆ ಅರ್ಧ ಎಂಬುದಿಲ್ಲ. ತಂತಿ ಸ್ಲಾಟಿನ ತಳ ಮುಟ್ಟಿದ್ದರೆ ಬಾಗಿಲು ಮುಚ್ಚುತ್ತದೆ, ಮುಟ್ಟದಿದ್ದರೆ ಮುಚ್ಚುವುದಿಲ್ಲ. ಬಲವಂತವಾಗಿ ಮುಚ್ಚಿದರೆ ಒಂದೋ ಬಾಗಿಲು ಸೊಟ್ಟಗಾಗುತ್ತದೆ, ಇಲ್ಲವೇ ಬ್ರಾಕೆಟ್ ಹಲ್ಲಿನಿಂದ ಎದ್ದು ಬರುತ್ತದೆ.

ವೃತ್ತಿಯ ಆರಂಭದಲ್ಲಿ ನಾನು ಮಾಡಿದ ತಪ್ಪು ಇದೇ. ಮೇಲಿನ ಎರಡನೆಯ ಬಾಚಿಹಲ್ಲು ಒಳಗೆ ಸರಿದಿದ್ದ ಹುಡುಗಿಯೊಬ್ಬಳಿಗೆ ತಂತಿಯ ಒಂದು ಬದಿ ಮಾತ್ರ ಕೂತಿರುವಾಗಲೇ ಬಾಗಿಲನ್ನು ಒತ್ತಿ ಮುಚ್ಚಿದೆ. ಟಿಕ್ ಎಂಬ ಸದ್ದು ಕೇಳಿತೆಂದು ಭಾವಿಸಿ ಸುಮ್ಮನಾದೆ. ಒಂಬತ್ತು ವಾರದ ನಂತರ ಆಕೆ ಬಂದಾಗ ಬಾಗಿಲು ತೆರೆದಿತ್ತು, ತಂತಿ ಬ್ರಾಕೆಟ್ಟಿನ ಮುಂದೆ ತೇಲುತ್ತಿತ್ತು, ಸುತ್ತಲಿನ ಹಲ್ಲುಗಳೆಲ್ಲ ನೇರವಾಗಿ ಆ ಹಲ್ಲಿನ ಜಾಗವನ್ನು ಇನ್ನಷ್ಟು ಕಿರಿದು ಮಾಡಿದ್ದವು. ಮೂರನೆಯ ದಿನವೇ ಏನೋ ಬಿಚ್ಚಿದಂತೆ ಅನಿಸಿತ್ತು, ಆದರೆ ನೋವಿಲ್ಲವೆಂದು ಹೇಳಲಿಲ್ಲ ಎಂದಳು. ದೀರ್ಘ ಅಂತರದ ಅಪಾಯ ಇದು: ತಪ್ಪು ಒಂದು ದಿನದ್ದು, ನಷ್ಟ ಎರಡು ತಿಂಗಳದ್ದು. ಅಂದಿನಿಂದ ನಾಲ್ಕನೆಯ ವಾರದ ಭಾನುವಾರ ಮನೆಯಿಂದಲೇ ಮೂರು ಫೋಟೊ, ಮುಂದಿನದೊಂದು, ಎಡ ಬಲ ಒಂದೊಂದು, ಕಳಿಸಬೇಕೆಂದು ನಿಯಮ ಮಾಡಿದ್ದೇನೆ. ಕೆನ್ನೆಯನ್ನು ಎರಡು ಚಮಚದ ಹಿಡಿಯಿಂದ ಹಿಗ್ಗಿಸಿ ತೆಗೆಯಲು ಹೇಳಿಕೊಟ್ಟರೆ ಹತ್ತು ವರ್ಷದ ತಮ್ಮನೂ ಚೆನ್ನಾಗಿ ತೆಗೆಯುತ್ತಾನೆ.

ಈಗ ಕ್ರಮ ಹೇಳುತ್ತೇನೆ. ತಂತಿಯನ್ನು ಮೊದಲು ಎರಡೂ ಹಿಂಬದಿಯ ಟ್ಯೂಬುಗಳಿಗೆ ಸೇರಿಸಿ, ನೇರವಾಗಿರುವ ಹಲ್ಲುಗಳ ಬಾಗಿಲು ಮೊದಲು ಮುಚ್ಚಿ, ಕಷ್ಟದ ಹಲ್ಲನ್ನು ಕೊನೆಗೆ ಉಳಿಸಿಕೊಳ್ಳಿ. ಆ ಹಲ್ಲಿಗೆ ಬಂದಾಗ ಒಂದು ಬೆರಳನ್ನು ಹಲ್ಲಿನ ಹಿಂದೆ ಆಸರೆಯಾಗಿ ಇಟ್ಟು, ಬ್ರಾಕೆಟ್ಟಿನ ಎರಡೂ ಪಕ್ಕದಲ್ಲಿ ತಂತಿಯನ್ನು ಒಟ್ಟಿಗೆ ಒಳಕ್ಕೆ ಒತ್ತಬೇಕು. ಇದಕ್ಕೆಂದೇ ಕವಲು ತುದಿಯ ಸಲಕರಣೆ ಸಿಗುತ್ತದೆ. ಇಲ್ಲದಿದ್ದರೆ ಸಹಾಯಕಿ ಒಂದು ಬದಿ, ನೀವು ಒಂದು ಬದಿ. ತಂತಿ ತಳ ಮುಟ್ಟಿದ್ದು ಕಣ್ಣಿಗೆ ಕಂಡ ಮೇಲೆ ಬಾಗಿಲನ್ನು ಬೆರಳಿನಿಂದಲೇ ಸರಿಸಿ. ಬೆರಳಿಗೆ ಮಣಿಯದ ಬಾಗಿಲಿಗೆ ಇಕ್ಕಳ ಹಿಡಿಯಬಾರದು, ಅದು ತಂತಿ ಕೂತಿಲ್ಲ ಎಂಬುದರ ಸೂಚನೆ. ಮುಚ್ಚಿದ ಮೇಲೆ ಸದ್ದನ್ನು ನಂಬದೆ, ಎಕ್ಸ್‌ಪ್ಲೋರರ್ ಎಂಬ ಮೊನಚು ಸಲಕರಣೆಯ ತುದಿಯನ್ನು ಬಾಗಿಲಿನ ಅಂಚಿನುದ್ದಕ್ಕೂ ಎಳೆದು ನೋಡಿ. ತುದಿ ಎಲ್ಲೂ ಸಿಕ್ಕಿಕೊಳ್ಳದೆ ಜಾರಬೇಕು.

ಒತ್ತಿದರೂ ಕೂರದಿದ್ದರೆ ದಾರಿಗಳಿವೆ. ಇನ್ನೂ ತೆಳುವಾದ, 0.012 ಅಥವಾ 0.013 ಇಂಚಿನ ತಂತಿಗೆ ಇಳಿಯಬಹುದು. ಬ್ರಾಕೆಟ್ಟಿಗೆ ಎಳೆ ಕಟ್ಟಲು ಆಸರೆಯಾಗುವ ರೆಕ್ಕೆಗಳಿದ್ದರೆ ಬಾಗಿಲನ್ನು ತೆರೆದೇ ಬಿಟ್ಟು ಸ್ಟೀಲ್ ಎಳೆಯಿಂದ ಸಡಿಲವಾಗಿ ಕಟ್ಟಿ, ಮುಂದಿನ ಭೇಟಿಯಲ್ಲಿ ಬಾಗಿಲು ಮುಚ್ಚಬಹುದು. ತಿರುಗಿದ ಹಲ್ಲಿಗೆ ಅಂಟಿಸುವಾಗಲೇ ಬ್ರಾಕೆಟ್ಟನ್ನು ಸ್ವಲ್ಪ ಬದಿಗೆ ಸರಿಸಿ ಕೂರಿಸಬಹುದು. ಜಾಗವೇ ಇಲ್ಲದಿದ್ದರೆ ಆ ಹಲ್ಲನ್ನು ಸದ್ಯಕ್ಕೆ ಬಿಟ್ಟು, ಅಕ್ಕಪಕ್ಕದ ಹಲ್ಲುಗಳ ನಡುವೆ ತೆರೆದ ಸುರುಳಿ ಸ್ಪ್ರಿಂಗ್ ಹಾಕಿ ಮೊದಲು ಜಾಗ ಮಾಡಿಕೊಳ್ಳಬೇಕು. ಕೊನೆಯದು ನಿಧಾನದ ದಾರಿಯಂತೆ ಕಂಡರೂ, ಇಕ್ಕಟ್ಟು ಹೆಚ್ಚಿರುವಾಗ ನಾನು ಮೊದಲು ಹಿಡಿಯುವುದು ಅದನ್ನೇ.

ತಂಪು ತಂತಿ, ಬಿಸಿಲು ಊರು

ಮೊದಲ ತಂತಿ ಸಾಮಾನ್ಯವಾಗಿ 0.014 ಇಂಚಿನ ಕಾಪರ್ ನಿಕಲ್ ಟೈಟೇನಿಯಂ. ಇದರಲ್ಲಿ 27, 35, 40 ಡಿಗ್ರಿ ಸೆಲ್ಸಿಯಸ್ ಎಂಬ ಮೂರು ದರ್ಜೆಗಳಿವೆ. ಆ ಉಷ್ಣತೆ ದಾಟಿದಾಗ ತಂತಿ ತನ್ನ ಮೂಲ ಕಮಾನಿನ ಆಕಾರಕ್ಕೆ ಮರಳಲು ಪೂರ್ಣವಾಗಿ ಸಜ್ಜಾಗುತ್ತದೆ, ಅದಕ್ಕಿಂತ ತಂಪಾದಾಗ ಮೆತ್ತಗಾಗುತ್ತದೆ. ಕ್ಯಾಟಲಾಗುಗಳಲ್ಲಿ 35 ಡಿಗ್ರಿಯ ತಂತಿ ಕೋಣೆಯ ಉಷ್ಣತೆಯಲ್ಲಿ ಮೆತ್ತಗಿರುತ್ತದೆ, ಬಾಯಿಗೆ ಹೋದ ಮೇಲೆ ಚುರುಕಾಗುತ್ತದೆ ಎಂದು ಬರೆದಿರುತ್ತಾರೆ. ಬರೆದವರು ರಾಯಚೂರಿನ ಮೇ ತಿಂಗಳನ್ನು ಕಂಡವರಲ್ಲ. ಕರೆಂಟ್ ಹೋದ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಮುಟ್ಟಿರುವಾಗ ಟ್ರೇಯಲ್ಲಿಟ್ಟ ತಂತಿ ಬಾಯಿಗೆ ಹೋಗುವ ಮೊದಲೇ ಬಿಗುವಾಗಿರುತ್ತದೆ, ತಿರುಗಿದ ಹಲ್ಲಿನ ಸ್ಲಾಟಿಗೆ ಅದನ್ನು ಇಳಿಸುವುದು ಎರಡು ಪಟ್ಟು ಕಷ್ಟ. ಬೇಸಿಗೆಯಲ್ಲಿ ತಂತಿಯ ಪೊಟ್ಟಣವನ್ನು ಫ್ರಿಜ್ಜಿನಲ್ಲಿಡಿ. ಕೂರಿಸುವಾಗ ಹಟ ಮಾಡುವ ಜಾಗಕ್ಕೆ ಮಂಜುನೀರಿನಲ್ಲಿ ಅದ್ದಿದ ಹತ್ತಿಯುಂಡೆಯನ್ನು ಹತ್ತು ಸೆಕೆಂಡ್ ಹಿಡಿಯಿರಿ. ತಂತಿ ಮೆತ್ತಗಾದ ಆ ಕ್ಷಣದಲ್ಲಿ ಒತ್ತಿ ಬಾಗಿಲು ಮುಚ್ಚಿದರೆ ಕೆಲಸ ಮುಗಿಯುತ್ತದೆ.

ಬಾಗಿಲಿನೊಳಗೆ ಘರ್ಷಣೆ ಕಡಿಮೆ ಇರುವುದರಿಂದ ದುಂಡು ತಂತಿ ಒಂದು ಬದಿಗೆ ನುಸುಳಿ ಹೋಗುವುದು ಈ ಬ್ರಾಕೆಟ್‌ಗಳ ನಿತ್ಯದ ತಕರಾರು. ಎಡಗಡೆ ಟ್ಯೂಬಿನಿಂದ ತಂತಿ ಕಳಚಿ ಬಲಗಡೆ ಕೆನ್ನೆಗೆ ಚುಚ್ಚಿಕೊಂಡಿರುತ್ತದೆ. ಇದನ್ನು ತಡೆಯಲು ತಂತಿಯ ಮೇಲೆ ಸ್ಟಾಪ್ ಎಂಬ ಸಣ್ಣ ಕೊಳವೆಗಳನ್ನು ಒತ್ತಿ ಕೂರಿಸಬೇಕು. ಇಕ್ಕಟ್ಟಿಲ್ಲದ ಜಾಗದಲ್ಲಿ ಒಂದೇ ಬ್ರಾಕೆಟ್ಟಿನ ಎರಡೂ ಬದಿಗೆ ಎರಡು ಸ್ಟಾಪ್ ಸಾಕು. ಇಕ್ಕಟ್ಟಿರುವ ಹಲ್ಲುಗಳ ನಡುವೆ ಹಾಕಿದರೆ ಅದೇ ಅಡ್ಡಗೋಡೆಯಾಗಿ ಹಲ್ಲು ಬಿಡಿಸಿಕೊಳ್ಳದಂತೆ ಮಾಡುತ್ತದೆ. ಹಿಂದಿನ ತುದಿಯನ್ನು ಮಡಚಬೇಕೆಂದಿದ್ದರೆ ಆ ತುದಿಯನ್ನಷ್ಟೇ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ಆರಿಸಿಕೊಳ್ಳಬೇಕು, ಕಾಯಿಸದ ನಿಕಲ್ ಟೈಟೇನಿಯಂ ಮಡಿಕೆ ಹಿಡಿಯುವುದಿಲ್ಲ.

ಮುಂದಿನ ತಂತಿಗಳ ಸಾಲು, 0.022 ಇಂಚಿನ ಸ್ಲಾಟಿಗೆ, ನನ್ನಲ್ಲಿ ಹೀಗಿದೆ: 0.014 ದುಂಡು ತಂತಿಯ ನಂತರ 0.014 × 0.025 ಅಥವಾ 0.016 × 0.025 ನಿಕಲ್ ಟೈಟೇನಿಯಂ, ಆಮೇಲೆ 0.018 × 0.025, ಕೊನೆಗೆ 0.019 × 0.025 ಸ್ಟೇನ್‌ಲೆಸ್ ಸ್ಟೀಲ್. ಪ್ರತಿ ಹಂತದಲ್ಲಿ ಎಷ್ಟು ವಾರ ಎಂಬುದಕ್ಕಿಂತ, ಹಿಂದಿನ ತಂತಿ ತನ್ನ ಕೆಲಸ ಮುಗಿಸಿದೆಯೇ ಎಂಬುದು ಮುಖ್ಯ. ಎಲ್ಲ ಬಾಗಿಲುಗಳನ್ನೂ ತೆರೆದಾಗ ತಂತಿ ಯಾವ ಸ್ಲಾಟಿನಿಂದಲೂ ಜಿಗಿಯದೆ ಇದ್ದಲ್ಲೇ ಮಲಗಿದ್ದರೆ ಮುಂದಕ್ಕೆ ಹೋಗಬಹುದು, ಒಂದೆರಡು ಕಡೆ ಚಿಮ್ಮಿದರೆ ಅದೇ ತಂತಿಯನ್ನು ಮತ್ತೆ ಮುಚ್ಚಿ ಕಳಿಸಿ. ಆತುರಪಟ್ಟು ಸ್ಟೀಲಿಗೆ ಹಾರಿದವರ ಬ್ರಾಕೆಟ್‌ಗಳೇ ಹೆಚ್ಚು ಕಳಚುತ್ತವೆ.

ಹಲ್ಲು ಕಿತ್ತ ಜಾಗ ಮುಚ್ಚುವ ಹಂತದಲ್ಲಿ ವಿಶೇಷವೇನೂ ಇಲ್ಲ. ಸ್ಟೀಲ್ ತಂತಿ ಹಾಕಿ ಒಂದು ತಿಂಗಳು ಸುಮ್ಮನೆ ಬಿಟ್ಟು, ನಂತರ 150 ಗ್ರಾಮಿನ ಆಸುಪಾಸಿನ ಬಲದ ಮುಚ್ಚಿದ ಸುರುಳಿ ಸ್ಪ್ರಿಂಗ್ ಸಾಕಾಗುತ್ತದೆ. ಮುಚ್ಚಿದ ಜಾಗ ಮತ್ತೆ ತೆರೆದುಕೊಳ್ಳದಂತೆ ತಂತಿಯ ಅಡಿಯಲ್ಲಿ ಸ್ಟೀಲ್ ಎಳೆಯನ್ನು ಎಂಟರ ಆಕಾರದಲ್ಲಿ ಸುತ್ತಿಡಿ.

ಕೊನೆಯ ಹಂತದಲ್ಲಿ ಪ್ಯಾಸಿವ್ ಬ್ರಾಕೆಟ್ಟಿನ ಒಂದು ಕೊರತೆ ಎದ್ದು ಕಾಣುತ್ತದೆ. 0.022ರ ಸ್ಲಾಟಿನಲ್ಲಿ 0.019 × 0.025ರ ತಂತಿಗೆ ಸುಮಾರು 10 ಡಿಗ್ರಿಯಷ್ಟು ಆಡಲು ಜಾಗವಿರುತ್ತದೆ, ಬಾಗಿಲು ಅದನ್ನು ಒತ್ತಿ ಹಿಡಿಯುವುದಿಲ್ಲ. ಆದ್ದರಿಂದ ಬೇರಿನ ಓರೆಯೂ ಕೊನೆಯ ಒಂದಿಷ್ಟು ತಿರುಚೂ ಹಾಗೆಯೇ ಉಳಿಯುತ್ತವೆ. ರೆಕ್ಕೆಯಿದ್ದರೆ ಮುಚ್ಚಿದ ಬಾಗಿಲಿನ ಮೇಲೆಯೇ ರಬ್ಬರ್ ಉಂಗುರ ಹಾಕಿ ನೋಡಿ, ಬೇಕಾದರೆ ತಂತಿಯಲ್ಲೇ ತಿರುಚು ಕೊಡಿ, ಕೂರಿಸಿದ್ದೇ ತಪ್ಪಾಗಿದ್ದರೆ ಬ್ರಾಕೆಟ್ ತೆಗೆದು ಮತ್ತೆ ಅಂಟಿಸಿ. ಇದೆಲ್ಲವನ್ನೂ ಬಾಗಿಲೇ ಮಾಡಿಕೊಡುತ್ತದೆ ಎಂದು ಕಾಯುತ್ತ ಆರು ತಿಂಗಳು ಕಳೆದವರನ್ನು ನೋಡಿದ್ದೇನೆ.

ತೆರೆಯದ ಬಾಗಿಲು

ಯಾವ ದಿಕ್ಕಿಗೆ ತೆರೆಯುತ್ತದೆ, ಯಾವ ತುದಿಯ ಸಲಕರಣೆ ಬೇಕು ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ. ರೋಗಿಯ ಬಾಯಿಗೆ ಕೈ ಹಾಕುವ ಮೊದಲು ಒಂದು ಬ್ರಾಕೆಟ್ಟನ್ನು ಮೇಜಿನ ಮೇಲಿಟ್ಟುಕೊಂಡು ಇಪ್ಪತ್ತು ಸಲ ತೆರೆದು ಮುಚ್ಚಿ. ಬೇರೆ ಊರಿನಲ್ಲಿ ಚಿಕಿತ್ಸೆ ಆರಂಭಿಸಿ ನಡುವೆ ನಿಮ್ಮಲ್ಲಿಗೆ ಬಂದವರಾದರೆ, ಬ್ರಾಕೆಟ್ ಯಾವುದೆಂದು ತಿಳಿದುಕೊಳ್ಳದೆ ಬಾಗಿಲಿಗೆ ಸ್ಕೇಲರ್ ಹಾಕಬೇಡಿ. ತಪ್ಪು ದಿಕ್ಕಿಗೆ ಮೀಟಿದರೆ ಬಾಗಿಲು ಕೈಗೇ ಬರುತ್ತದೆ.

ಕೆಳಗಿನ ಬಾಚಿಹಲ್ಲುಗಳ ಬಾಗಿಲುಗಳೇ ಹೆಚ್ಚು ಸಿಕ್ಕಿಹಾಕಿಕೊಳ್ಳುವುದು, ಟಾರ್ಟರ್ ಎನ್ನುವ ಗಟ್ಟಿ ಪಾಚಿ ಅಲ್ಲೇ ಬೇಗ ಕಟ್ಟುತ್ತದೆ. ಇಂತಹ ಬಾಗಿಲಿಗೆ ಮೊದಲು ಅಲ್ಟ್ರಾಸೋನಿಕ್ ಸ್ಕೇಲರನ್ನು ಕಡಿಮೆ ಶಕ್ತಿಯಲ್ಲಿ, ಬ್ರಾಕೆಟ್ಟಿನ ಅಂಚುಗಳ ಸುತ್ತ ಆಡಿಸಿ, ನೀರು ಮತ್ತು ಗಾಳಿಯನ್ನು ಜೋರಾಗಿ ಹಾಯಿಸಿ, ಆಮೇಲೆ ತೆರೆಯಲು ನೋಡಿ. ಎರಡು ಪ್ರಯತ್ನಕ್ಕೂ ಬಾರದಿದ್ದರೆ ಪಕ್ಕದ ಎಲ್ಲ ಬಾಗಿಲು ತೆರೆದು, ಆ ಒಂದು ಬ್ರಾಕೆಟ್ಟಿನಿಂದ ತಂತಿಯನ್ನು ಬದಿಗೆ ಜಾರಿಸಿ ಹೊರತೆಗೆಯಬಹುದೇ ನೋಡಿ, ಆಗದಿದ್ದರೆ ಬ್ರಾಕೆಟ್ಟನ್ನೇ ಬದಲಿಸಿ. ಮುರಿದ ಬಾಗಿಲಿನ ತುಣುಕು ಗಂಟಲಿಗೆ ಜಾರದಂತೆ ನಾಲಿಗೆಯ ಮೇಲೆ ಗಾಜ್ ಬಟ್ಟೆ ಇಡುವುದನ್ನು ಮರೆಯಬಾರದು.

ರಬ್ಬರ್ ಉಂಗುರ ಇಲ್ಲವಾದ್ದರಿಂದ ಕೊಳೆ ಕಟ್ಟುವುದೇ ಇಲ್ಲ ಎಂಬ ಭರವಸೆ ಕೊಡಬೇಡಿ. ಬ್ರಾಕೆಟ್ಟಿನ ಮೇಲೊಮ್ಮೆ, ಕೆಳಗೊಮ್ಮೆ ಬ್ರಷ್ಷನ್ನು ಓರೆಯಾಗಿ ಹಿಡಿದು ಉಜ್ಜುವುದನ್ನು ಕನ್ನಡಿ ಮುಂದೆ ನಿಲ್ಲಿಸಿ ಕಲಿಸಬೇಕು. ಊಟದ ಬಗೆಗೆ ಹೇಳುವಾಗ ಪುಸ್ತಕದಲ್ಲಿರುವ ಪಾಪ್‌ಕಾರ್ನ್, ಚೂಯಿಂಗ್ ಗಮ್ ಪಟ್ಟಿ ಓದಿದರೆ ಇಲ್ಲಿಯವರಿಗೆ ಉಪಯೋಗವಿಲ್ಲ. ಬಿಸಿ ರೊಟ್ಟಿಗೆ ಅಡ್ಡಿಯಿಲ್ಲ. ಖಡಕ್ ರೊಟ್ಟಿಯನ್ನು ಸಾರಿನಲ್ಲೋ ಮೊಸರಿನಲ್ಲೋ ನೆನೆಸದೆ ಕಚ್ಚಬಾರದು. ಕಬ್ಬು ಸಿಗಿಯುವುದು, ಪೇರಲ ಹಣ್ಣನ್ನು ಇಡಿಯಾಗಿ ಕಚ್ಚುವುದು, ಹುರಿದ ಶೇಂಗಾ, ಅಡಿಕೆ, ಇವು ಬೇಡ. ಮಂಡಕ್ಕಿ ಒಗ್ಗರಣಿ ಮೆತ್ತಗಿರುವುದರಿಂದ ತಿನ್ನಬಹುದು, ಆದರೆ ಅದರ ಮೇಲೆ ಉದುರಿಸುವ ಪುಟಾಣಿ ಹಿಟ್ಟು ಬಾಗಿಲಿನ ಸಂದಿಯಲ್ಲಿ ಸಿಮೆಂಟಿನಂತೆ ಕೂರುತ್ತದೆ. ತಿಂದ ತಕ್ಷಣ ಬಾಯಿ ಮುಕ್ಕಳಿಸಿ ಬ್ರಷ್ ಮಾಡಬೇಕು. ಮಿರ್ಚಿ ಬಿಡಿ ಎಂದು ನಾನು ಯಾರಿಗೂ ಹೇಳಿಲ್ಲ, ಹೇಳಿದರೂ ಕೇಳುವವರಿಲ್ಲ. ಬಾಗಿಲು ತಾನಾಗಿ ತೆರೆದುಕೊಂಡರೆ ಪಿನ್ನಿನಿಂದ ಮುಚ್ಚಲು ಹೋಗದೆ ಫೋಟೊ ಕಳಿಸಬೇಕು, ತಂತಿ ಚುಚ್ಚುತ್ತಿದ್ದರೆ ಕೊಟ್ಟಿರುವ ಮೇಣವನ್ನು ಒತ್ತಿಕೊಂಡು ಮರುದಿನ ಬರಬೇಕು.

ತೆಗೆಯುವ ದಿನ ಬ್ರಾಕೆಟ್ಟನ್ನು ಎಲ್ಲಿ ಹಿಡಿದು ಹೇಗೆ ಹಿಂಡಬೇಕೆಂಬ ಕಂಪನಿಯ ಸೂಚನೆಯನ್ನು ಓದಿಕೊಂಡಿರಿ, ಸೆರಾಮಿಕ್ ಬಗೆಯದಾದರೆ ಎರಡು ಸಲ ಓದಿ. ಫ್ಲೋರೋಸಿಸ್ ಇರುವ ಹಲ್ಲಿನಿಂದ ತೆಗೆಯುವಾಗ ಜಗ್ಗಬಾರದು, ಎನಾಮಲ್ಲಿನ ಚೂರು ಜೊತೆಗೇ ಬರಬಹುದು. ಅಂಟಿನ ಬಹುಭಾಗ ಹಲ್ಲಿನ ಮೇಲೆಯೇ ಉಳಿದರೂ ಚಿಂತೆಯಿಲ್ಲ, ಅದನ್ನು ಕಾರ್ಬೈಡ್ ಬರ್‌ನಿಂದ ನಿಧಾನವಾಗಿ ಸವೆಸಬಹುದು. ಕೆಳಗಿನ ಬಾಚಿಹಲ್ಲುಗಳ ಹಿಂದೆ ಹಲ್ಲು ಮತ್ತೆ ಸರಿಯದಂತೆ ಹಿಡಿಯುವ ರಿಟೇನರ್ ತಂತಿಯನ್ನು ಬ್ರಾಕೆಟ್ ತೆಗೆಯುವ ಮೊದಲೇ ಅಂಟಿಸಿಬಿಡಿ. ದೂರದ ಊರಿನವರು ಬ್ರಾಕೆಟ್ ತೆಗೆಸಿಕೊಂಡು ಒಮ್ಮೆ ಬಸ್ ಹತ್ತಿದರೆ ಮತ್ತೆ ಬರುವುದು ಮುಂದಿನ ಜಾತ್ರೆಗೆ.